ಮೆಷಿನ್‌ಗನ್ ಉಗುಳಿದ 500 ಖಾಲಿ ಕೇಸು, ಒಂದು ಬೋಲ್ಟ್ ರೈಫಲ್: ಪ್ರಕರಣ ಅಧ್ಯಯನ

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವುದು ಹಳೆಯ ರೂಢಿ. ಅವರಿಗೆ ಅಗ್ಗಕ್ಕೆ ಸಿಗುವ ಮಾಲು ಎಂದರೆ ಸೈನ್ಯ ಒಮ್ಮೆ ಹಾರಿಸಿ ಬಿಟ್ಟ ಹಿತ್ತಾಳೆ ಕೇಸು, ಅಂದರೆ ತೋಟೆಯ ಖಾಲಿ ಕವಚ. ಇಲ್ಲಿ ನೋಡುವುದು ಅಂಥದೇ ಒಂದು ಬಕೆಟ್ಟು: 7.62×51 ನ್ಯಾಟೋ ಅಳತೆಯ 500 ಕೇಸು, ತೂಕ ಹತ್ತಿರ ಹತ್ತಿರ ಆರು ಕಿಲೋ. ಇವನ್ನು ಅದರ ನಾಗರಿಕ ಜೋಡಿಯಾದ .308 ವಿಂಚೆಸ್ಟರ್ ಚೇಂಬರಿನ (ತೋಟೆ ಕೂರುವ ಗೂಡಿನ) ಬೋಲ್ಟ್ ರೈಫಲ್ಲಿಗೆ, ಅಂದರೆ ಕೈಯಿಂದ ಅಗುಳಿ ಎಳೆದು ತೋಟೆ ತುಂಬುವ ರೈಫಲ್ಲಿಗೆ, ಒಗ್ಗಿಸಬೇಕು. ಇದು ಯಾರೋ ಒಬ್ಬರ ಅನುಭವವಲ್ಲ. ಇಂಥ ಮಾಲು ಬಂದಾಗಲೆಲ್ಲ ಎದುರಾಗುವ ತೊಡಕುಗಳನ್ನು ಒಂದೇ ಬಕೆಟ್ಟಿಗೆ ಹಾಕಿ, ಅಳತೆಗಳನ್ನೂ ಅದಕ್ಕೆ ತಕ್ಕಂತೆ ಇಟ್ಟು ನೋಡಿದ್ದು.

ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ: ತೊಳೆದು ಥಳಥಳ ಹೊಳೆಯುವಂತೆ ಮಾಡುವುದು. ಅದಕ್ಕೆ ಎರಡು ದಿನ ಹೋಗುತ್ತದೆ, ಮನಸ್ಸಿಗೆ ಖುಷಿಯೂ ಆಗುತ್ತದೆ. ಆದರೆ ಈ ಕೇಸುಗಳ ಆಯುಸ್ಸು ನಿಂತಿರುವುದು ಹೊಳಪಿನ ಮೇಲಲ್ಲ. ತಳದಿಂದ ಭುಜದವರೆಗಿನ (ಒಡಲು ಕುತ್ತಿಗೆಗೆ ಕಿರಿದಾಗುವ ಇಳಿಜಾರಿನವರೆಗಿನ) ಒಂದೇ ಒಂದು ಅಳತೆಯ ಮೇಲೆ, ಅದರಲ್ಲೂ ಇಂಚಿನ ಸಾವಿರದ ಐದಾರು ಅಂಶದ ವ್ಯತ್ಯಾಸದ ಮೇಲೆ. ಲೇತ್ ಕೆಲಸದವರು ‘ಥೌ’ ಎನ್ನುವುದು ಈ ಸಾವಿರದ ಒಂದಂಶಕ್ಕೇ. ಮುಂದೆ ಅದೇ ಮಾತನ್ನು ಬಳಸಿದೆ. ಈ ಕಸುಬಿನ ಉಪಕರಣಗಳೆಲ್ಲ ಇಂಚಿನಲ್ಲೇ ಇರುವುದರಿಂದ ಅಳತೆಗಳೂ ಇಂಚಿನಲ್ಲೇ ಇವೆ.

ಮೊದಲು ಕಾನೂನು

ಓದುವವರು ಕನ್ನಡಿಗರಾದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ (18ನೇ ಟೈಟಲ್, ಸೆಕ್ಷನ್ 921) ‘ಮದ್ದುಗುಂಡು’ ಎಂದರೆ ತುಂಬಿದ ತೋಟೆ ಮಾತ್ರವಲ್ಲ. ಕೇಸು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಬುಲೆಟ್, ಮದ್ದು ಪ್ರತಿಯೊಂದೂ ಬಿಡಿಬಿಡಿಯಾಗಿಯೇ ಮದ್ದುಗುಂಡು. ಸೆಕ್ಷನ್ 922ರ ಪ್ರಕಾರ ಎಚ್‌-1ಬಿ, ಎಫ್‌-1 ಮುಂತಾದ ತಾತ್ಕಾಲಿಕ ವೀಸಾದವರು, ಊರ್ಜಿತದಲ್ಲಿರುವ ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ, ಇದನ್ನು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಡಲ್ಲಾಸಿನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್ ‘ಖಾಲಿ ಹಿತ್ತಾಳೆ ತಾನೇ’ ಎಂದು ಬಕೆಟ್ಟು ಮನೆಗೆ ತಂದರೆ ಅದೇ ತಕರಾರಾಗಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ವ್ಯಾಪಾರಕ್ಕೆ ತುಂಬುವುದಾದರೆ ಬೇಕು. ಒಂದೊಂದು ರಾಜ್ಯದ ನಿಯಮ ಒಂದೊಂದು ಥರ.

ಭಾರತದಲ್ಲಿ ಈ ಕೆಲಸದ ಪ್ರಶ್ನೆಯೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ತಯಾರಿಕೆಗೆ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟದ್ದು, ತೋಟೆ ತಯಾರಿಸುವುದಕ್ಕಲ್ಲ. ಸೈನ್ಯದ ಖಾಲಿ ಕೇಸುಗಳಂತೂ ಎಣಿಸಿ ವಾಪಸು ಒಪ್ಪಿಸುವ ಮಾಲು.

ಬಕೆಟ್ಟಿನೊಳಗೆ ಏನಿದೆ

ಕೇಸಿನ ತಳ ನೋಡಿದರೆ ಅದರ ಜಾತಕ ಸಿಗುತ್ತದೆ. ‘ಎಲ್‌ಸಿ’ ಎಂಬ ಅಕ್ಷರ ಇದ್ದರೆ ಮಿಸೌರಿಯ ಇಂಡಿಪೆಂಡೆನ್ಸ್ ಊರಿನ ಲೇಕ್ ಸಿಟಿ ಸೈನಿಕ ಕಾರ್ಖಾನೆಯದು. 1941ರಲ್ಲಿ ಶುರುವಾದ ಈ ಕಾರ್ಖಾನೆಯೇ ಅಮೆರಿಕದ ಸೈನ್ಯಕ್ಕೆ ಸಣ್ಣ ಬೋರಿನ ತೋಟೆಗಳ ಮುಖ್ಯ ಮೂಲ. ಪಕ್ಕದ ಎರಡಂಕಿ ತಯಾರಾದ ವರ್ಷ, ವೃತ್ತದೊಳಗಿನ ಕೂಡು ಗುರುತು ನ್ಯಾಟೋ ಮುದ್ರೆ. ‘ಎಲ್‌ಆರ್’ ಎಂದೂ ಇದ್ದರೆ ಅದು ದೂರದ ಗುರಿಗೆಂದು ಮಾಡಿದ ತೋಟೆ. ಹೆಚ್ಚಾಗಿ ಸ್ನೈಪರ್ ರೈಫಲ್ಲುಗಳಲ್ಲಿ ಹಾರಿದ್ದು. ಅಂಥವು ನಾಲ್ಕಾರು ಸಿಕ್ಕರೆ ಬೇರೆ ಡಬ್ಬಿಗೆ ಹಾಕಿಡಬೇಕು, ಮಿಕ್ಕವುಗಳ ಜೊತೆ ಬೆರೆಸಬಾರದು.

ಈ ಬಕೆಟ್ಟಿನ ತಳದಲ್ಲಿ ಮಣ್ಣು, ಒಣ ಹುಲ್ಲಿನ ಜೊತೆ ಕಪ್ಪು ಉಕ್ಕಿನ ಸಣ್ಣ ಕೊಂಡಿಗಳೂ ಇವೆ. ಅವು ಎಂ13 ಲಿಂಕು, ಅಂದರೆ ತೋಟೆಗಳನ್ನು ಪಟ್ಟಿಯಾಗಿ ಪೋಣಿಸುವ ಕೊಂಡಿ. ಇನ್ನು ಬೇರೆ ಸಾಕ್ಷಿ ಬೇಡ: ಇವು ಎಂ240 ಥರದ ಮೆಷಿನ್‌ಗನ್ನಿಂದ ಬಂದವು. ಎಷ್ಟೋ ಕೇಸುಗಳ ಬಾಯಿ ಒಂದು ಕಡೆ ಚಪ್ಪಟೆಯಾಗಿದೆ, ರಿಮ್ಮಿನ (ತಳದ ಅಂಚಿನ) ಮೇಲೆ ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕಚ್ಚಿ ಎಳೆದ ಗಾಯವಿದೆ. ಬಾಯಿ ಸೊಟ್ಟಗಾದದ್ದು ಪರವಾಗಿಲ್ಲ, ಮೊನೆಯಿರುವ ಕಬ್ಬಿಣದ ಕಡ್ಡಿ ತೂರಿಸಿ ದುಂಡು ಮಾಡಿದರೆ ಡೈ (ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚು) ಉಳಿದದ್ದನ್ನು ನೋಡಿಕೊಳ್ಳುತ್ತದೆ. ರಿಮ್ ಬಾಗಿದ್ದರೆ ಮಾತ್ರ ಗುಜರಿಗೆ.

ಒಂದೊಂದನ್ನೂ ಕೈಗೆತ್ತಿಕೊಂಡು ನೋಡಲೇಬೇಕು. ಬುಲೆಟ್ ಇನ್ನೂ ಕೂತಿರುವ ತೋಟೆ, ಪಟಾಕಿಯಂತೆ ಸದ್ದು ಮಾಡುವ ಬ್ಲ್ಯಾಂಕ್ (ಇದರಲ್ಲಿ ಬುಲೆಟ್ ಇರುವುದಿಲ್ಲ, ಮೂತಿ ಮುಚ್ಚಿರುತ್ತದೆ), ಪ್ರೈಮರ್ ಮೇಲೆ ಪಿನ್ನಿನ ಗುರುತೇ ಇಲ್ಲದ ಕೇಸು ಇವೆಲ್ಲ ಇಂಥ ಮಾಲಿನ ನಡುವೆ ಬಂದುಬಿಡುತ್ತವೆ. ಇವನ್ನು ಟಂಬ್ಲರಿಗೂ (ಕೇಸು ಆಡಿಸಿ ಶುಚಿ ಮಾಡುವ ಯಂತ್ರ) ಹಾಕಬಾರದು, ಪ್ರೆಸ್ಸಿಗೂ (ಕೇಸನ್ನು ಡೈಗೆ ಒತ್ತುವ ಯಂತ್ರ) ಕೊಡಬಾರದು. ಒಳಗೆ ಟಾರ್ಚ್ ಬಿಟ್ಟರೆ ತಳದ ನಡುವೆ ಒಂದೇ ತೂತು ಕಂಡರೆ ಅದು ಬಾಕ್ಸರ್ ಜಾತಿ, ನಮಗೆ ಬೇಕಾದ್ದು. ಎರಡು ಚಿಕ್ಕ ತೂತಿದ್ದರೆ ಬರ್ಡಾನ್. ಅದಕ್ಕೆ ಪ್ರೈಮರ್ ತೆಗೆಯುವ ಪಿನ್ ತೂರಿಸಿದರೆ ಮುರಿಯುವುದು ಪಿನ್ನೇ. ಅಮೆರಿಕದ ಮಾಲು ಬಾಕ್ಸರ್, ಯುರೋಪಿನ ಹಳೆಯ ಸೈನಿಕ ಮಾಲಿನಲ್ಲಿ ಬರ್ಡಾನ್ ಸಾಕಷ್ಟು.

ತೊಳೆಯುವುದು

ಸಿಡಿದ ಪ್ರೈಮರಿನ ಬೂದಿಯಲ್ಲಿ ಸೀಸ ಇರುತ್ತದೆ. ಒಣ ಟಂಬ್ಲರಿನಲ್ಲಿ ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿ ಆಡಿಸಿ, ಮನೆಯೊಳಗೆ ಜರಡಿ ಹಿಡಿದರೆ ಆ ಸೀಸವೆಲ್ಲ ಮೂಗಿಗೆ. ಅದಕ್ಕೇ ಈ ಪ್ರಮಾಣದ ಕೊಳಕಿಗೆ ನೀರಿನ ವಿಧಾನವೇ ಮೇಲು. ಕೆಲಸ ಗ್ಯಾರೇಜಿನಲ್ಲಿ, ಕೈಗೆ ಗ್ಲೌಸು. ಅಡುಗೆಮನೆಯ ಸಿಂಕು, ಪಾತ್ರೆ, ಓವನ್ ಯಾವುದೂ ಬೇಡ.

ಮೊದಲು ಬರೀ ಬಿಸಿನೀರು, ಸೋಪಿನಲ್ಲಿ ಜಾಲಿಸಿ ಮಣ್ಣು ಬಿಡಿಸಬೇಕು. ಒಂದು ಮರಳಿನ ಕಣ ಡೈ ಒಳಗೆ ಹೋಗಿ ಗೀರಿದರೆ ಅಲ್ಲಿಂದ ಮುಂದೆ ಬರುವ ಪ್ರತಿ ಕೇಸಿನ ಮೇಲೂ ಅದೇ ಗೀರು. ಆಮೇಲೆ ಪ್ರೈಮರ್ ತೆಗೆದು, ಸ್ಟೀಲ್ ಪಿನ್ ಹಾಕಿ ತಿರುಗಿಸುವುದು. ಏಳು ಲೀಟರಿನ ಡ್ರಮ್ಮಿಗೆ ಸುಮಾರು 250 ಕೇಸು, ಎರಡೂಕಾಲು ಕಿಲೋ ಪಿನ್, ಮುಳುಗುವಷ್ಟು ನೀರು, ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಕಾಲು ಟೀ ಚಮಚ ಸಿಟ್ರಿಕ್ ಆಮ್ಲ. ಎರಡು ಗಂಟೆ ಸಾಕು. ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬು ತಿಕ್ಕಿದವರಿಗೆ ಸಿಟ್ರಿಕ್ ಆಮ್ಲದ ಕೆಲಸ ಬಿಡಿಸಿ ಹೇಳಬೇಕಿಲ್ಲ. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟ ಚೊಂಬು ಕೆಂಪಗಾಗುತ್ತದಲ್ಲ, ಇಲ್ಲಿಯೂ ಆಮ್ಲ ಹೆಚ್ಚಾದರೆ ಹಾಗೇ ಆಗುತ್ತದೆ: ಮೇಲ್ಪದರದ ಸತು ಕರಗಿ ತಾಮ್ರ ಕಾಣುತ್ತದೆ. ನಾಲ್ಕು ಗಂಟೆ, ಆರು ಗಂಟೆ ತಿರುಗಿಸುವುದರಲ್ಲಿ ಲಾಭವಿಲ್ಲ, ಬಾಯಿಯ ಅಂಚುಗಳು ಒಂದಕ್ಕೊಂದು ಬಡಿದು ಮೊಂಡಾಗುತ್ತವೆ. ಒಣಗಿಸುವಾಗ ಟವೆಲ್ ಮೇಲೆ ಹರಡಿ ಫ್ಯಾನ್ ಹಾಕಿ ಎರಡು ದಿನ. ಆಮೇಲೆ ಒಂದೊಂದರ ಒಳಗೂ ಕಣ್ಣು ಹಾಯಿಸಬೇಕು. ಕುತ್ತಿಗೆಯಲ್ಲಿ ಎರಡು ಪಿನ್ ಅಡ್ಡಡ್ಡ ಸಿಕ್ಕಿ ಕೂರುವುದು, ತಳದ ತೂತಿನಲ್ಲಿ ಒಂದು ಪಿನ್ ನೆಟ್ಟಗೆ ನಿಲ್ಲುವುದು ಮಾಮೂಲು.

ಅಮೋನಿಯ ಇರುವ ಯಾವ ಪಾಲಿಶನ್ನೂ ಹತ್ತಿರ ತರಬಾರದು. ಇದಕ್ಕೆ ನಮ್ಮ ನೆಲದ್ದೇ ಪಾಠವಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಮಳೆಗಾಲ ಮುಗಿಯುವವರೆಗೆ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಹೊರತೆಗೆದಾಗ ಎಷ್ಟೋ ಕೇಸುಗಳು ತಾವಾಗಿಯೇ ಸೀಳಿರುತ್ತಿದ್ದವು. ಕಾರಣ ತಿಳಿದದ್ದು 1921ರಲ್ಲಿ: ಕುದುರೆಯ ಗಂಜಲದಿಂದ ಏಳುವ ಅಮೋನಿಯ, ಹಿತ್ತಾಳೆಯನ್ನು ಎಳೆದು ರೂಪ ಕೊಡುವಾಗ ಒಳಗೆ ಉಳಿದ ಬಿಗಿತ, ಎರಡೂ ಸೇರಿ ಲೋಹವನ್ನು ಸೀಳುತ್ತಿದ್ದವು. ಇಂಗ್ಲಿಷಿನಲ್ಲಿ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರು ಬಿತ್ತು. ಪರಿಹಾರ ಕುತ್ತಿಗೆ ಕಾಯಿಸಿ ಬಿಗಿತ ತೆಗೆಯುವುದು. ಸೈನಿಕ ಕೇಸಿನ ಭುಜದ ಮೇಲೆ ಕಾಣುವ ನೀಲಿ ಕಂದು ಛಾಯೆ ಕೊಳೆಯಲ್ಲ, ಹಾಗೆ ಕಾಯಿಸಿದ ಗುರುತು. ಅಂಗಡಿಯ ಮಾಲಿನಲ್ಲಿ ಅದನ್ನು ಪಾಲಿಶ್ ಮಾಡಿ ಅಳಿಸಿರುತ್ತಾರೆ, ಸೈನ್ಯದ ಮಾಲಿನಲ್ಲಿ ಬಿಟ್ಟಿರುತ್ತಾರೆ.

ಪ್ರೈಮರ್ ತೆಗೆಯುವಾಗ

ಮಲೆನಾಡಿನ ಕೋವಿಯವರು ಕೇಪು ಎನ್ನುವುದರ ವಂಶದ್ದೇ ಈ ಪ್ರೈಮರ್. ಮೆಷಿನ್‌ಗನ್ನಿನ ಅದುರಿಗೆ ಅದು ಕಳಚಿ ಯಂತ್ರದೊಳಗೆ ಬೀಳಬಾರದೆಂದು ಸೈನ್ಯದ ತೋಟೆಯಲ್ಲಿ ಪ್ರೈಮರಿನ ಸುತ್ತ ಹಿತ್ತಾಳೆಯನ್ನು ಒಳಮುಖವಾಗಿ ಒತ್ತಿರುತ್ತಾರೆ. ಇದೇ ಕ್ರಿಂಪ್; ಸುತ್ತಲೂ ಬಳೆಯಂತೆ ತಗ್ಗು ಕಾಣುತ್ತದೆ. ಸೈಜಿಂಗ್ ಡೈಯ ಸಣ್ಣ ಪಿನ್ ಈ ಹಿಡಿತಕ್ಕೆ ಬಾಗುತ್ತದೆ ಅಥವಾ ಮುರಿಯುತ್ತದೆ. ಪ್ರೈಮರ್ ತೆಗೆಯುವುದಕ್ಕೆಂದೇ ಬರುವ ದಪ್ಪ ಪಿನ್ನಿನ ಡೈಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರೈಮರ್ ಹೊರಬಿದ್ದರೂ ಬಳೆ ಉಳಿಯುತ್ತದೆ. ಅದನ್ನು ತೆಗೆಯದೆ ಹೊಸದನ್ನು ಒತ್ತಿದರೆ ಪ್ರೈಮರಿನ ಅಂಚು ಕೆತ್ತಿಹೋಗುತ್ತದೆ, ಇಲ್ಲವೇ ಅರ್ಧಕ್ಕೆ ನಿಲ್ಲುತ್ತದೆ. ತೆಗೆಯಲು ಎರಡು ದಾರಿ. ಸ್ವೇಜ್ ಎಂದರೆ ಗಟ್ಟಿ ಉಕ್ಕಿನ ಗುಂಡಿಯನ್ನು ಪಾಕೆಟ್ಟಿಗೆ (ಪ್ರೈಮರ್ ಕೂರುವ ಗುಳಿಗೆ) ಒತ್ತಿ ಆ ಲೋಹವನ್ನು ಹಿಂದಕ್ಕೆ ತಳ್ಳುವುದು. ರೀಮ್ ಎಂದರೆ ಕಟ್ಟರಿನಿಂದ ಕೆರೆದು ಹಾಕುವುದು. 500ಕ್ಕೆ ಸ್ವೇಜೇ ವಾಸಿ, ಲೋಹ ಕಳೆದುಹೋಗುವುದಿಲ್ಲ. ಆದರೆ ಸ್ವೇಜ್ ಕೂತುಕೊಳ್ಳುವುದು ಕೇಸಿನೊಳಗೆ ತೂರಿದ ಆಧಾರ ಕಡ್ಡಿಯ ಮೇಲೆ, ಅಂದರೆ ತಳದ ದಪ್ಪದ ಮೇಲೆ. ತಳ ದಪ್ಪವಿದ್ದ ಕೇಸಿಗೆ ಗುಂಡಿ ಹೆಚ್ಚು ಆಳ ಹೋಗುತ್ತದೆ, ತೆಳುವಿದ್ದರೆ ಕಡಿಮೆ. ಹಾಗಾಗಿ ಎಲ್‌ಸಿ ಜೊತೆ ಬೇರೆ ಕಾರ್ಖಾನೆಯ ಮಾಲು ಬೆರೆಸಿ ಒಂದೇ ಸೆಟ್ಟಿಂಗಿನಲ್ಲಿ ಓಡಿಸಿದರೆ ಕೆಲವು ಸಡಿಲ, ಕೆಲವು ಬಿಗಿ. ಅತಿಯಾದರೆ ಪಾಕೆಟ್ಟಿನ ಬಾಯಿ ಆಲಿಕೆಯಂತೆ ಅಗಲವಾಗಿ, ಹಾರಿಸಿದಾಗ ಪ್ರೈಮರ್ ಸುತ್ತ ಕರಿ ಹೊಗೆಯ ಗೆರೆ ಬರುತ್ತದೆ. ಸೋರುವ ಅನಿಲ ಬೋಲ್ಟಿನ ಮುಖವನ್ನು ಕೊರೆಯುತ್ತದೆ. ಸರಿಯಾಗಿ ಮಾಡಿದ ಪಾಕೆಟ್ಟಿನ ಅಂಚು ಸ್ವಲ್ಪವೇ ದುಂಡಗಿರುತ್ತದೆ, ಗೇಜಿನ ‘ಗೋ’ ತುದಿ ಒಳಗೆ ಹೋಗುತ್ತದೆ, ‘ನೋ-ಗೋ’ ಹೋಗುವುದಿಲ್ಲ. ಕೂರಿಸಿದ ಪ್ರೈಮರ್ ತಳದ ಮಟ್ಟಕ್ಕಿಂತ 3ರಿಂದ 5 ಥೌ ಕೆಳಗಿರಬೇಕು. ಬೆರಳ ತುದಿ ಆಡಿಸಿದರೆ ಸಣ್ಣ ತಗ್ಗು ತಿಳಿಯಬೇಕು. ಉಬ್ಬು ತಿಳಿದರೆ ಆ ಕೇಸು ಮುಂದೆ ಹೋಗುವಂತಿಲ್ಲ. ಅದರಲ್ಲೂ ಎಂ1ಎ ಥರದ, ಫೈರಿಂಗ್ ಪಿನ್ ಸಡಿಲವಾಗಿ ಆಡುವ ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ಬೋಲ್ಟ್ ಪೂರ್ತಿ ಬೀಗ ಬೀಳುವ ಮೊದಲೇ ಸಿಡಿಯುವ ಅಪಾಯ ಇದರಿಂದಲೇ.

ಅಳತೆ: ಪ್ರಕರಣದ ತಿರುಳು

.308 ರೈಫಲ್ಲಿನ ಚೇಂಬರಿನಲ್ಲಿ ಬೋಲ್ಟಿನ ಮುಖದಿಂದ ಭುಜದ ಗೊತ್ತಾದ ಗೆರೆಯವರೆಗೆ ಇರುವ ಜಾಗಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ನಾಗರಿಕ ಬಳಕೆಯಲ್ಲಿ ಗೋ ಗೇಜು (ಬೋಲ್ಟ್ ಇದರ ಮೇಲೆ ಮುಚ್ಚಬೇಕು) 1.630 ಇಂಚು, ನೋ-ಗೋ (ಮುಚ್ಚಬಾರದು) 1.634. ಸೈನ್ಯದ 7.62ಕ್ಕೆ ಶುರುವೇ 1.6355ರಿಂದ, 1.6455ರ ಫೀಲ್ಡ್ ಗೇಜಿನವರೆಗೂ ಬಂದೂಕನ್ನು ಸೇವೆಯಲ್ಲಿ ಇಟ್ಟುಕೊಳ್ಳುತ್ತಾರೆ. ಧೂಳು, ಕಾವು, ಪಟ್ಟಿಯಿಂದ ಸುರಿಯುವ ತೋಟೆ ಇವನ್ನೆಲ್ಲ ನುಂಗಿಕೊಂಡು ಓಡಬೇಕಾದ ಬಂದೂಕಿಗೆ ಸಡಿಲ ಚೇಂಬರ್ ಬೇಕೇ ಬೇಕು. ಕೇಸು ಒಮ್ಮೆ ಬಳಸಿ ಎಸೆಯುವ ವಸ್ತು, ಅದು ಹಿಗ್ಗಿದರೆ ಸೈನ್ಯಕ್ಕೆ ನಷ್ಟವಿಲ್ಲ. ನಷ್ಟ ಅದನ್ನು ಹೆಕ್ಕಿಕೊಂಡವರಿಗೆ.

ಹಿಗ್ಗುವುದು ಎಲ್ಲಿ? ಮದ್ದು ಹೊತ್ತಿದಾಗ ಕೇಸಿನ ತೆಳ್ಳನೆಯ ಒಡಲು ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ದಪ್ಪ ತಳ ಅಂಟುವುದಿಲ್ಲ. ಒತ್ತಡ ಅದನ್ನು ಬೋಲ್ಟಿನ ಕಡೆಗೆ ನೂಕುತ್ತದೆ. ಅಂಟಿಕೊಂಡ ಭಾಗ, ಹಿಂದೆ ಸರಿಯುವ ಭಾಗ ಇವೆರಡರ ನಡುವಿನ ಬಳೆಯಷ್ಟು ಜಾಗದಲ್ಲೇ ಲೋಹ ಎಳೆಯಲ್ಪಟ್ಟು ತೆಳುವಾಗುತ್ತದೆ. ತಳದಿಂದ ಸುಮಾರು ಕಾಲಿಂಚಿನಿಂದ ಮುಕ್ಕಾಲು ಸೆಂಟಿಮೀಟರ್ ಮೇಲಕ್ಕೆ, ಒಳಗಡೆ. ಹೊರಗೆ ಏನೂ ಕಾಣದಿರಬಹುದು.

ಕಾಣದ್ದನ್ನು ಬೆರಳಿಗೆ ತಿಳಿಯುವಂತೆ ಮಾಡಲು ಒಂದು ಪೇಪರ್ ಕ್ಲಿಪ್ ಸಾಕು. ಅದನ್ನು ನೆಟ್ಟಗೆ ಮಾಡಿ, ತುದಿಯ ಎರಡು ಮಿಲಿಮೀಟರನ್ನು ಲಂಬವಾಗಿ ಬಾಗಿಸಿ, ಅರದಿಂದ ಚೂಪು ಮಾಡಬೇಕು. ಕೇಸಿನೊಳಗೆ ಇಳಿಬಿಟ್ಟು, ತಳ ಮುಟ್ಟಿದ ಮೇಲೆ ಗೋಡೆಗೆ ಒತ್ತಿಕೊಂಡು ಮೆಲ್ಲಗೆ ಮೇಲಕ್ಕೆ ಎಳೆಯಬೇಕು. ಸರಿಯಿರುವ ಕೇಸಿನಲ್ಲಿ ದಪ್ಪ ತಳದ ಇಳಿಜಾರು ಹತ್ತಿ ಗೋಡೆ ನುಣ್ಣಗೆ ಸಾಗುತ್ತದೆ. ತೆಳುವಾದ ಕೇಸಿನಲ್ಲಿ ಆ ಇಳಿಜಾರು ಮುಗಿಯುವಲ್ಲಿ ತುದಿ ಒಂದು ಕಾಲುವೆಗೆ ಬಿದ್ದು ‘ಟಕ್’ ಎಂದು ಎಡವುತ್ತದೆ. ಮೊದಮೊದಲು ಎಲ್ಲ ಕೇಸೂ ಎಡವಿದಂತೆ ಅನಿಸುತ್ತದೆ. ಹೋಲಿಸಿ ನೋಡಲು ಒಂದು ಹೊಸ ಅಂಗಡಿ ಕೇಸು ಪಕ್ಕದಲ್ಲಿರಲಿ. ಜೊತೆಗೆ ಒಂದೊಂದು ವರ್ಷದ ಮಾಲಿನಿಂದಲೂ ಒಂದನ್ನು ಬಲಿಕೊಟ್ಟು, ಉದ್ದಕ್ಕೆ ಗರಗಸದಲ್ಲಿ ಸೀಳಿ, ಅರ ಆಡಿಸಿ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಹೊರಗೆ ಆ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಗೆರೆ ಇದ್ದರಂತೂ ಕ್ಲಿಪ್ಪಿನ ಅಗತ್ಯವೂ ಇಲ್ಲ, ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿಗೆ ಹಾಕುವುದೇ. ಹಾಗೇ ಎಸೆದರೆ ಇನ್ನೊಬ್ಬರ ಬಕೆಟ್ಟಿಗೆ ಹೋಗಿ ಸೇರುತ್ತದೆ.

ಈಗ ಲೆಕ್ಕ. ವರ್ನಿಯರ್ ಕ್ಯಾಲಿಪರಿಗೆ ಭುಜ ಅಳೆಯುವ ಕಂಪ್ಯಾರೇಟರ್ ಕಚ್ಚಿಸಿ, ಪ್ರೈಮರ್ ತೆಗೆದ ಕೇಸುಗಳನ್ನು ಅಳೆಯಬೇಕು (ಉಬ್ಬಿದ ಪ್ರೈಮರ್ ಇದ್ದರೆ ಅಳತೆ ಸುಳ್ಳಾಗುತ್ತದೆ). ಮೊದಲು ಅಳೆಯಬೇಕಾದ್ದು ಬಕೆಟ್ಟಿನ ಕೇಸನ್ನಲ್ಲ, ನಮ್ಮದೇ ರೈಫಲ್ಲಿನಲ್ಲಿ ಹಾರಿಸಿದ ಅಂಗಡಿ ತೋಟೆಯ ನಾಲ್ಕೈದು ಕೇಸನ್ನು. ಅವು 1.631 ತೋರಿಸುತ್ತವೆ ಎನ್ನೋಣ. ಇದು ನಮ್ಮ ಚೇಂಬರಿನ ಅಚ್ಚು. ಬಕೆಟ್ಟಿನ ಕೇಸುಗಳು 1.637, 1.641, 1.639, 1.642 ಹೀಗೆ ಹರಡಿಕೊಂಡಿವೆ. ಕಂಪ್ಯಾರೇಟರಿನ ಅಂಕಿ ಗೇಜಿನ ಅಂಕಿಗೆ ಸರಿಯಾಗಿ ಹೊಂದಲಿಕ್ಕಿಲ್ಲ. ಚಿಂತೆಯಿಲ್ಲ, ಬೇಕಿರುವುದು ಒಂದೇ ಉಪಕರಣದಲ್ಲಿ ತೆಗೆದ ಎರಡು ಅಳತೆಗಳ ವ್ಯತ್ಯಾಸ.

ಕಾರ್ಖಾನೆಯಿಂದ ಬಂದಾಗ ತೋಟೆ 1.630ರ ಆಸುಪಾಸು ಇತ್ತೆಂದು ಹಿಡಿದರೆ, 1.641ರ ಕೇಸು ಆಗಲೇ 11 ಥೌ ಎಳೆಸಿಕೊಂಡಿದೆ. ಡೈ ಜೊತೆ ಬರುವ ಚೀಟಿಯಲ್ಲಿ ‘ಶೆಲ್ ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ತಳ ಹಿಡಿಯುವ ತುಂಡು) ಮುಟ್ಟುವವರೆಗೆ ಡೈ ಇಳಿಸಿ, ಮೇಲೆ ಕಾಲು ಸುತ್ತು ತಿರುಗಿಸಿ’ ಎಂದಿರುತ್ತದೆ. ಹಾಗೆ ಮಾಡಿದರೆ ಭುಜ 1.624ಕ್ಕೂ ಹೋಗಬಹುದು. ಚೇಂಬರ್ 1.631. ಹಾರಿಸಿದಾಗ ಅದೇ ತೆಳುವಾದ ಬಳೆಯಲ್ಲಿ ಇನ್ನೂ 7 ಥೌ ಎಳೆತ. ಮತ್ತೆ ಹಾಗೇ ಒತ್ತಿದರೆ ಮತ್ತೆ 7. ಎರಡನೆಯದೋ ಮೂರನೆಯದೋ ಹಾರಾಟಕ್ಕೆ ಕೇಸು ಎರಡು ತುಂಡು: ತಳ ಹೊರಗೆ ಬರುತ್ತದೆ, ಒಡಲು ಚೇಂಬರಿನಲ್ಲೇ ಉಳಿಯುತ್ತದೆ, ಬಿಸಿ ಅನಿಲ ಹಿಂದಕ್ಕೆ ಮುಖದ ಕಡೆ ನುಗ್ಗುತ್ತದೆ. ಅದೇ ಕೇಸನ್ನು 1.629ಕ್ಕೆ ನಿಲ್ಲಿಸಿದರೆ ಪ್ರತಿ ಸಲದ ಎಳೆತ 2 ಥೌ ಮಾತ್ರ. ಹಿತ್ತಾಳೆ ಒಂದೇ, ರೈಫಲ್ ಒಂದೇ, ಡೈ ಒಂದೇ. ಕಾಲು ಸುತ್ತಿನ ವಿಧೇಯತೆಯಿಂದ ಕೇಸು ಸಾಯುತ್ತದೆ. ಬೋಲ್ಟ್ ರೈಫಲ್ಲಿಗೆ ಚೇಂಬರಿಗಿಂತ 2 ಥೌ ಕಡಿಮೆ, ಸೆಮಿ ಆಟೋಮ್ಯಾಟಿಕ್‌ಗೆ 3ರಿಂದ 4 ಸಾಕು.

ಡೈ ಹೊಂದಿಸುವುದು

ಡೈಯ ಹೊರಗಿನ ಮರೆ (ಸ್ಕ್ರೂ ಥ್ರೆಡ್) ಇಂಚಿಗೆ 14 ಸುತ್ತು. ಅಂದರೆ ಪೂರ್ತಿ ಒಂದು ಸುತ್ತಿಗೆ 71 ಥೌ, ಎಂಟನೇ ಒಂದು ಸುತ್ತಿಗೆ ಸುಮಾರು 9, ಹತ್ತು ಡಿಗ್ರಿಗೆ 2. ಹತ್ತು ಡಿಗ್ರಿ ಎಂದರೆ ಗಡಿಯಾರದಲ್ಲಿ ಎರಡು ನಿಮಿಷದ ಅಂತರಕ್ಕೂ ಕಡಿಮೆ. ಡೈ ಮೇಲೂ ಪ್ರೆಸ್ ಮೇಲೂ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡರೆ ಕೆಲಸ ಹಗುರ. ಅಷ್ಟು ನಾಜೂಕು ಬೇಡ ಎನ್ನುವವರಿಗೆ 2 ಥೌನಿಂದ 10 ಥೌವರೆಗೆ ಎತ್ತರ ಹೆಚ್ಚಿರುವ ಶೆಲ್ ಹೋಲ್ಡರ್ ಸೆಟ್ಟು ಸಿಗುತ್ತದೆ. ಆಗ ಡೈಯನ್ನು ಗಟ್ಟಿಯಾಗಿ ಮುಟ್ಟಿಸಿಯೇ ಹೋಲ್ಡರ್ ಬದಲಿಸಿ ಅಳತೆ ಹಿಡಿಯಬಹುದು.

ಡೈಯನ್ನು ಮೇಲೆಯೇ ಇಟ್ಟು ಸ್ವಲ್ಪಸ್ವಲ್ಪ ಇಳಿಸುತ್ತ ಹೋಗುವಾಗ ಹೊಸಬರು ಬೆಚ್ಚುವ ಒಂದು ಘಟ್ಟ ಇದೆ: 1.641 ಇದ್ದದ್ದು 1.644 ಆಗುತ್ತದೆ! ಒತ್ತಿದರೆ ಉದ್ದವಾಯಿತಲ್ಲ ಎಂದು ಗಾಬರಿ. ಕಾರಣ ಸರಳ. ಡೈ ಮೊದಲು ಹಿಂಡುವುದು ಒಡಲನ್ನು; ಹಿಂಡಿದ ಲೋಹ ಮುಂದಕ್ಕೆ ಸರಿದು ಭುಜವನ್ನು ಮುಂದೆ ತಳ್ಳುತ್ತದೆ. ಡೈಯ ಭುಜ ಕೇಸಿನ ಭುಜಕ್ಕೆ ತಾಗಿದ ಮೇಲಷ್ಟೇ ಅಂಕಿ ಇಳಿಯತೊಡಗುತ್ತದೆ. ಈ ನಡುಘಟ್ಟದಲ್ಲೇ ನಿಲ್ಲಿಸಿದ ಕೇಸನ್ನು ರೈಫಲ್ಲಿಗೆ ತೂರಿಸಿದರೆ ಬೋಲ್ಟ್ ಮುಚ್ಚುವುದೇ ಇಲ್ಲ.

ಮೆಷಿನ್‌ಗನ್ ಕೇಸಿನ ಎರಡನೇ ಹಠ, ಮರಳಿ ಪುಟಿಯುವುದು. ಡೈ 1.629ಕ್ಕೆ ಹೊಂದಿದ್ದರೂ ಒಂದು ಕೇಸು 1.629, ಇನ್ನೊಂದು 1.633 ಬರುತ್ತದೆ. ಹಾರಾಟದಲ್ಲಿ ಹಿಗ್ಗಿ, ಈಗ 10 ಥೌಗೂ ಹೆಚ್ಚು ಹಿಂದಕ್ಕೆ ದೂಡಿಸಿಕೊಳ್ಳುವ ಭುಜ ಗಟ್ಟಿಯಾಗಿರುತ್ತದೆ. ಇಲ್ಲಿ ಡೈಯನ್ನು ಇನ್ನಷ್ಟು ಇಳಿಸಿದರೆ ಮೆತ್ತನೆಯ ಕೇಸುಗಳು 1.625ಕ್ಕೆ ಹೋಗಿ ಮೊದಲು ಹೇಳಿದ ಅತಿ ಎಳೆತದ ಹಳ್ಳಕ್ಕೇ ಬೀಳುತ್ತೇವೆ. ಬದಲಿಗೆ ಹಿಡಿಯನ್ನು ಕೆಳಗೆ ಒತ್ತಿ ಮೂರ್ನಾಲ್ಕು ಸೆಕೆಂಡು ಹಾಗೇ ಹಿಡಿಯಬೇಕು, ಕೇಸನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಒತ್ತಬೇಕು. ಇದಕ್ಕಿಂತ ಚೆನ್ನಾದ ಮದ್ದು ಸೈಜಿಂಗಿಗೆ ಮೊದಲೇ ಕುತ್ತಿಗೆ ಮತ್ತು ಭುಜವನ್ನು ಟಾರ್ಚಿನಲ್ಲಿ ಕಾಯಿಸುವುದು. ಕೇಸನ್ನು ತಿರುಗಿಸುತ್ತ, ಮಂದ ಬೆಳಕಿನಲ್ಲಿ ಕುತ್ತಿಗೆ ಕೆಂಪಗಾಗುವ ಹಂತದಲ್ಲಿ ಜ್ವಾಲೆಯಿಂದ ತೆಗೆಯಬೇಕು. 750 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕರಗುವ ಬಣ್ಣ ಹಚ್ಚಿ ಸಮಯ ಗೊತ್ತು ಮಾಡಿಕೊಂಡರೆ ಊಹೆ ಬೇಕಿಲ್ಲ. ತಳಕ್ಕೆ ಕಾವು ತಾಗಲೇಬಾರದು. ಮೆತ್ತಗಾದ ತಳ ಒತ್ತಡ ತಡೆಯುವುದಿಲ್ಲ, ಅದನ್ನು ಮತ್ತೆ ಗಟ್ಟಿ ಮಾಡುವ ಉಪಾಯವೂ ಇಲ್ಲ.

ಎಣ್ಣೆ ಹಚ್ಚುವುದರಲ್ಲಿ ಜಿಪುಣತನ ಬೇಡ, ಧಾರಾಳವೂ ಬೇಡ. ದ್ರವ ಲ್ಯಾನೊಲಿನ್ ಒಂದು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಹನ್ನೆರಡು ಪಾಲು ಬೆರೆಸಿ ಸಿಂಪಡಿಸಿ, ಆಲ್ಕೊಹಾಲ್ ಆರುವವರೆಗೆ ಐದು ನಿಮಿಷ ಬಿಡಬೇಕು. ಆರುವ ಮೊದಲೇ ಒತ್ತಿದರೆ ಜಾರಿಕೆ ಇರುವುದಿಲ್ಲ. ಭುಜದ ಮೇಲೆ ಹೆಚ್ಚಾಗಿ ನಿಂತರೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಅಲ್ಲೊಂದು ತಗ್ಗು ಬೀಳುತ್ತದೆ. ಚಿಕ್ಕದಾದರೆ ಅದು ಮುಂದಿನ ಹಾರಾಟದಲ್ಲಿ ನೆಟ್ಟಗಾಗುತ್ತದೆ. ಕಡಿಮೆಯಾದರೆ ಕೇಸು ಡೈ ಒಳಗೆ ಕಚ್ಚಿಕೊಳ್ಳುತ್ತದೆ. ಮೆಷಿನ್‌ಗನ್ ಕೇಸಿನ ಬುಡ ಉಬ್ಬಿರುವುದರಿಂದ ಇದು ಇಲ್ಲಿ ಹೆಚ್ಚು. ಹಿಡಿ ಬಿಗಿಯಾಯಿತೆಂದು ಅನಿಸಿದ ಕ್ಷಣವೇ ನಿಲ್ಲಿಸಿ ಹಿಂದೆ ತೆಗೆಯಬೇಕು. ಜೋರು ಮಾಡಿದರೆ ರಿಮ್ ಕಿತ್ತು ಬರುತ್ತದೆ, ಕೇಸು ಒಳಗೇ ಉಳಿಯುತ್ತದೆ. ಆಗ ಡೈಯ ಪಿನ್ ಕಡ್ಡಿಯನ್ನು ಆದಷ್ಟು ಮೇಲೆತ್ತಿ, ಕೇಸಿನ ತಳಕ್ಕೆ 7ನೇ ನಂಬರ್ ಡ್ರಿಲ್ಲಿನಲ್ಲಿ ತೂತು ಕೊರೆದು, ಕಾಲಿಂಚು-20ರ ಟ್ಯಾಪ್ ಹಾಕಿ, ಬೋಲ್ಟು ತಿರುಗಿಸಿ ಎಳೆದು ತೆಗೆಯಬೇಕು.

ಸೈಜ್ ಆದ ಕೇಸು ಸರಿಯಿದೆಯೇ ಎಂಬ ಕೊನೆಯ ಮಾತು ರೈಫಲ್ಲಿನದೇ. ಬೋಲ್ಟಿನಿಂದ ಫೈರಿಂಗ್ ಪಿನ್ನನ್ನೂ ಕೇಸನ್ನು ಹೊರಕ್ಕೆಸೆಯುವ ಎಜೆಕ್ಟರನ್ನೂ ಕಳಚಿ, ಖಾಲಿ ಕೇಸು ಇಟ್ಟು ಮುಚ್ಚಿದರೆ ಹಿಡಿ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಅಥವಾ ಕೊನೆಯಲ್ಲಿ ಕೊಂಚವೇ ತಡೆಯಬೇಕು. ಭುಜದ ಅಳತೆ ಸರಿಯಿದ್ದೂ ಬೋಲ್ಟ್ ಬಿಗಿಯೆನಿಸಿದರೆ ಬುಡ ನೋಡಿ. ತಳದಿಂದ 0.200 ಇಂಚು ಮೇಲೆ ಗರಿಷ್ಠ ವ್ಯಾಸ 0.4709. ಅದಕ್ಕಿಂತ ಹೆಚ್ಚಿದ್ದರೆ ಮಾಮೂಲಿ ಡೈ ಸಾಲದು, ಬುಡವನ್ನು ಇನ್ನಷ್ಟು ಬಿಗಿಯಾಗಿ ಒತ್ತುವ ಸ್ಮಾಲ್ ಬೇಸ್ ಡೈ ಬೇಕು. ಅದನ್ನು ಮೊದಲ ಸಲಕ್ಕೆ ಮಾತ್ರ ಬಳಸಿ. ಕೇಸು ನಮ್ಮ ಚೇಂಬರಿನ ಅಚ್ಚಿಗೆ ಬಂದ ಮೇಲೆ ಮಾಮೂಲಿ ಡೈಯೇ ಸಾಕು.

ಉಳಿದ ಕೆಲಸ

ಎಣ್ಣೆ ತೊಳೆದು ಉದ್ದ ಅಳೆಯುವುದು. ಸೈಜಿಂಗಿಗೆ ಮೊದಲು ಕತ್ತರಿಸಿದರೆ ಕೆಲಸ ದಂಡ, ಏಕೆಂದರೆ ಭುಜ ಹಿಂದೆ ಹೋದಷ್ಟೂ ಲೋಹ ಕುತ್ತಿಗೆಗೆ ಹರಿಯುತ್ತದೆ. ಗರಿಷ್ಠ 2.015 ಇಂಚು, ಕತ್ತರಿಸುವುದು 2.005ಕ್ಕೆ. ಉದ್ದ ಮೀರಿದ ಬಾಯಿ ಚೇಂಬರಿನ ಮುಂದಿನ ಇಕ್ಕಟ್ಟಿಗೆ ಸಿಕ್ಕಿ ಬುಲೆಟ್ಟನ್ನು ಹಿಸುಕಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಕತ್ತರಿಸಿದ ಮೇಲೆ ಒಳ ಅಂಚನ್ನೂ ಹೊರ ಅಂಚನ್ನೂ ಎರಡು ಸುತ್ತು ಕೆರೆದರೆ ಮುಗಿಯಿತು. ಚಾಕುವಿನ ಹಾಗೆ ಹರಿತ ಮಾಡಿದರೆ ಬಾಯಿ ಬೇಗ ಸೀಳುತ್ತದೆ.

ಕೊನೆಗೆ ತೂಕ. ಎಲ್‌ಸಿ ಕೇಸು ಸುಮಾರು 175ರಿಂದ 185 ಗ್ರೇನ್ (ಒಂದು ಗ್ರಾಂಗೆ ಸುಮಾರು 15 ಗ್ರೇನ್), ವಿಂಚೆಸ್ಟರ್ ಹೆಸರಿನ ಅಂಗಡಿ ಕೇಸು 155ರಿಂದ 165ರ ಆಸುಪಾಸು. ಹೊರಗಿನ ಅಳತೆ ಎರಡಕ್ಕೂ ಒಂದೇ ಆದ್ದರಿಂದ ಹೆಚ್ಚಿನ ಹಿತ್ತಾಳೆ ಇರುವುದೆಲ್ಲ ಒಳಗೆ. ಮದ್ದಿಗೆ ಉಳಿಯುವ ಜಾಗ ಅಷ್ಟು ಕಡಿಮೆ. ತೆಳು ಕೇಸಿನಲ್ಲಿ ಸರಿಹೋದ ಅಳತೆಯನ್ನೇ ಇಲ್ಲಿ ಸುರಿದರೆ ಒತ್ತಡ ಮೇಲೇರುತ್ತದೆ. ಬುಲೆಟ್ ಹಾಗೂ ಮದ್ದಿನ ಕಂಪನಿಗಳ ಕೈಪಿಡಿಯಲ್ಲಿರುವ ಆರಂಭದ ಅಳತೆಯಿಂದಲೇ ಹೊಸದಾಗಿ ಶುರು ಮಾಡಬೇಕು. ಗೆಳೆಯರು ಹೇಳಿದ ಅಂಕಿಗೆ ಇಲ್ಲಿ ಬೆಲೆಯಿಲ್ಲ.

ಒಂದೇ ವರ್ಷದ ಕೇಸುಗಳನ್ನು ಐವತ್ತೈವತ್ತರ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ನಾಲ್ಕು ಸಾಲು: ಎಲ್‌ಸಿ ಮತ್ತು ವರ್ಷ, ಬಂದಾಗಿನ ಭುಜದ ಅಳತೆ, ಸೈಜ್ ಆದ ಮೇಲಿನ ಅಳತೆ, ನಮ್ಮ ರೈಫಲ್ಲಿನಲ್ಲಿ ಎಷ್ಟನೇ ಹಾರಾಟ. ಮೊದಲ ಹಾರಾಟದ ನಂತರ ಪ್ರತಿ ಡಬ್ಬಿಯಿಂದಲೂ ಹತ್ತು ಕೇಸಿಗೆ ಪೇಪರ್ ಕ್ಲಿಪ್ ಇಳಿಸಿ ನೋಡುವುದು. ಹತ್ತರಲ್ಲಿ ಒಂದು ಎಡವಿದರೂ ಆ ಡಬ್ಬಿಯ ಐವತ್ತನ್ನೂ ಒಂದೊಂದಾಗಿ ನೋಡಬೇಕು. ನೋಡುವಷ್ಟು ಪುರಸೊತ್ತಿಲ್ಲದಿದ್ದರೆ ಐವತ್ತೂ ಗುಜರಿಗೆ.